ವಿದ್ಯುತ್ ವಾಹನದ ಮೋಟರ್ ಮತ್ತು ಕಂಟ್ರೋಲರ್: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದ ರಸ್ತೆಗಳಲ್ಲಿ ಬ್ಯಾಟರಿ ಆಟೊಗಳೂ ಸ್ಕೂಟರ್‌ಗಳೂ ಈಗ ಹೊಸತಲ್ಲ. ಅವುಗಳನ್ನು ಓಡಿಸಿ ಸಂಸಾರ ನಡೆಸುವವರು, ಗ್ಯಾರೇಜಿನಲ್ಲಿ ಅವುಗಳನ್ನು ಬಿಚ್ಚಿ ಕೂಡಿಸುವವರು, ಐಟಿಐ ಮತ್ತು ಪಾಲಿಟೆಕ್ನಿಕ್‌ಗಳಲ್ಲಿ ಈ ವಿಷಯ ಕಲಿಯುತ್ತಿರುವ ಹುಡುಗ ಹುಡುಗಿಯರು ನನ್ನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಬ್ಯಾಟರಿಯ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ಬ್ಯಾಟರಿಗೂ ಮೋಟರಿಗೂ ನಡುವೆ ಇರುವ, ಕಂಟ್ರೋಲರ್ ಎಂಬ ಅಲ್ಯೂಮಿನಿಯಂ ಪೆಟ್ಟಿಗೆಯ ಬಗ್ಗೆ, ಅದು ಸುಟ್ಟುಹೋಗುವ ತನಕ, ಯಾರೂ ವಿಚಾರಿಸುವುದಿಲ್ಲ. ನಮ್ಮ ಭಾಗದ ಬೇಸಿಗೆಯಲ್ಲಿ ಮೊದಲು ಕಷ್ಟಕ್ಕೆ ಸಿಲುಕುವುದು ಆ ಪೆಟ್ಟಿಗೆಯೇ.

ಕಂಟ್ರೋಲರ್ ಅಂದರೆ ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಇದ್ದ ಹಾಗೆಯೇ?

ಅಲ್ಲ. ಹೊಲದ ಬೋರ್‌ವೆಲ್ ಮೋಟರಿಗೆ ಹೆಸ್ಕಾಂ ತಂತಿಯಿಂದ ಮೂರು ಫೇಸ್ ವಿದ್ಯುತ್ ಸಿದ್ಧವಾಗಿಯೇ ಬರುತ್ತದೆ. ಅದು ಸೆಕೆಂಡಿಗೆ 50 ಆವರ್ತನದ, ಎಂದರೆ 100 ಸಲ ದಿಕ್ಕು ಬದಲಿಸುವ ವಿದ್ಯುತ್ತಾದ್ದರಿಂದ ಎರಡು ಧ್ರುವಗಳ ಮೋಟರ್ ನಿಮಿಷಕ್ಕೆ 3000 ಸುತ್ತಿಗಿಂತ ತುಸು ಕಡಿಮೆ ವೇಗದಲ್ಲಿ, ಹೆಚ್ಚುಕಡಿಮೆ ಒಂದೇ ಸಮನೆ ತಿರುಗುತ್ತದೆ. ಸ್ಟಾರ್ಟರ್ ಮಾಡುವ ಕೆಲಸ ಜೋಡಿಸುವುದು, ಬಿಡಿಸುವುದು, ಓವರ್‌ಲೋಡ್ ಆದಾಗ ಟ್ರಿಪ್ ಆಗುವುದು, ಅಷ್ಟೇ.

ವಾಹನದಲ್ಲಿ ಇರುವುದು ಬ್ಯಾಟರಿಯ ಡಿಸಿ, ಎಂದರೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್. ಅಲ್ಲಿ ಮೂರು ಫೇಸ್ ಎಂಬುದೇ ಇಲ್ಲ. ಕಂಟ್ರೋಲರೇ ಅದನ್ನು ಕ್ಷಣಕ್ಷಣಕ್ಕೂ ಹುಟ್ಟಿಸಬೇಕು, ಅದೂ ಚಕ್ರ ಎಷ್ಟು ವೇಗದಲ್ಲಿ ತಿರುಗುತ್ತಿದೆಯೋ ಅದಕ್ಕೆ ಸರಿಯಾಗಿ ಹೊಂದುವಂತೆ. 10 ಇಂಚಿನ ರಿಮ್ ಇರುವ ಸ್ಕೂಟರ್ ಚಕ್ರದ ಸುತ್ತಳತೆ ಸುಮಾರು 1.36 ಮೀಟರ್ ಎಂದಿಟ್ಟುಕೊಳ್ಳಿ. ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 9.2 ಸುತ್ತು ತಿರುಗುತ್ತದೆ. ಚಕ್ರದೊಳಗಿನ ಹಬ್ ಮೋಟರಿನಲ್ಲಿ 46 ಮ್ಯಾಗ್ನೆಟ್‌ಗಳು, ಎಂದರೆ 23 ಜೋಡಿ ಧ್ರುವಗಳು ಇದ್ದರೆ, ಕಂಟ್ರೋಲರ್ ಸೆಕೆಂಡಿಗೆ ಸುಮಾರು 211 ಆವರ್ತನದ ವಿದ್ಯುತ್ತನ್ನು ತಯಾರಿಸಬೇಕಾಗುತ್ತದೆ, ಮತ್ತು ಆರು ಹಂತದ ಸರಳ ಕಂಟ್ರೋಲರ್ ಆದರೆ ಯಾವ ತಂತಿಗೆ ಕರೆಂಟ್ ಹೋಗಬೇಕು ಎಂಬುದನ್ನು ಒಂದೇ ಸೆಕೆಂಡಿನಲ್ಲಿ ಸುಮಾರು 1270 ಸಲ ಬದಲಿಸಬೇಕಾಗುತ್ತದೆ. ಈ ಕೆಲಸಕ್ಕೆ ಒಳಗಿರುವುದು ಮಾಸ್ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್‌ಗಳ ಆರು ಗುಂಪುಗಳು: ಪ್ರತಿ ಫೇಸಿಗೆ ಬ್ಯಾಟರಿಯ ಪ್ಲಸ್ ಕಡೆ ಒಂದು, ಮೈನಸ್ ಕಡೆ ಒಂದು. ಒಂದೇ ಫೇಸಿನ ಮೇಲಿನದೂ ಕೆಳಗಿನದೂ ಒಟ್ಟಿಗೆ ಆನ್ ಆದರೆ ಬ್ಯಾಟರಿಯೇ ನೇರ ಶಾರ್ಟ್ ಆಗುತ್ತದೆ. ಆದ್ದರಿಂದ ಒಂದು ಆಫ್ ಆದ ಮೇಲೆ ಇನ್ನೊಂದು ಆನ್ ಆಗುವ ಮುನ್ನ ಬಹಳ ಸಣ್ಣ ಬಿಡುವನ್ನು ಕಂಟ್ರೋಲರ್ ಪ್ರತಿ ಸಲವೂ ತಪ್ಪದೆ ಕೊಡುತ್ತದೆ.

ಎಕ್ಸಿಲೇಟರ್ ತಿರುವಿದಾಗ ನಾನು ಕೇಳುತ್ತಿರುವುದು ವೇಗವನ್ನಲ್ಲವೇ?

ಒಳ್ಳೆಯ ಕಂಟ್ರೋಲರುಗಳಲ್ಲಿ ನೀವು ಕೇಳುವುದು ತಿರುಗುಬಲವನ್ನು, ಎಂದರೆ ಟಾರ್ಕನ್ನು. ಮುಂದಿನ ಉತ್ತರಗಳೆಲ್ಲ ಇದರ ಮೇಲೆಯೇ ನಿಂತಿವೆಯಾದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಶಾಶ್ವತ ಮ್ಯಾಗ್ನೆಟ್ ಇರುವ ಮೋಟರಿನಲ್ಲಿ ತಿರುಗುಬಲವು ವೈಂಡಿಂಗಿನಲ್ಲಿ, ಎಂದರೆ ತಾಮ್ರದ ತಂತಿಯ ಸುರುಳಿಗಳಲ್ಲಿ ಹರಿಯುವ ಕರೆಂಟಿಗೆ ಅನುಪಾತದಲ್ಲಿರುತ್ತದೆ. ಕರೆಂಟ್ ಎರಡರಷ್ಟಾದರೆ ಎಳೆತವೂ ಎರಡರಷ್ಟು. ವೇಗ ಎಷ್ಟಾಗಬಹುದು ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ವೋಲ್ಟೇಜ್, ಏಕೆಂದರೆ ತಿರುಗುವ ಮೋಟರ್ ತಾನೇ ಒಂದು ಡೈನಮೊ ಆಗಿ ಬ್ಯಾಟರಿಗೆ ಎದುರಾಗಿ ನಿಲ್ಲುವ ವೋಲ್ಟೇಜನ್ನು ಉತ್ಪಾದಿಸುತ್ತದೆ. ಇದಕ್ಕೆ ಬ್ಯಾಕ್ ಇಎಂಎಫ್ ಎನ್ನುತ್ತಾರೆ. ವೇಗ ಏರಿದಂತೆ ಈ ಎದುರು ವೋಲ್ಟೇಜ್ ಏರಿ, ಬ್ಯಾಟರಿ ವೋಲ್ಟೇಜಿನ ಹತ್ತಿರಕ್ಕೆ ಬಂದಾಗ ಕರೆಂಟ್ ತಳ್ಳಲು ಜಾಗವೇ ಉಳಿಯುವುದಿಲ್ಲ. ಬ್ಯಾಟರಿ ಇಳಿದ ಮೇಲೆ ಗಾಡಿಯ ಗರಿಷ್ಠ ವೇಗ ಕಡಿಮೆಯಾಗುವುದಕ್ಕೆ ಇದೇ ಕಾರಣ.

ಎಕ್ಸಿಲೇಟರ್ ಹಿಡಿಕೆಯಲ್ಲಿರುವ ಸಣ್ಣ ಹಾಲ್ ಸೆನ್ಸರ್ (ಮ್ಯಾಗ್ನೆಟ್ಟಿನ ಇರುವನ್ನು ಗುರುತಿಸುವ ಬಿಡಿಭಾಗ) 5 ವೋಲ್ಟ್ ಪಡೆದು, ತಿರುವದೆ ಇದ್ದಾಗ ಸಾಮಾನ್ಯವಾಗಿ 0.8 ವೋಲ್ಟಿನ ಆಸುಪಾಸು, ಪೂರ್ತಿ ತಿರುವಿದಾಗ 4 ವೋಲ್ಟಿನ ಆಸುಪಾಸು ಸಂಕೇತ ಕೊಡುತ್ತದೆ. ಸಂಕೇತ ಸೊನ್ನೆಯಿಂದಲೇ ಏಕೆ ಆರಂಭವಾಗುವುದಿಲ್ಲ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ತಂತಿ ತುಂಡಾದರೆ ಸಂಕೇತ ಸೊನ್ನೆಗಿಳಿಯುತ್ತದೆ, 5 ವೋಲ್ಟಿನ ತಂತಿಗೆ ತಗುಲಿದರೆ 5ಕ್ಕೇರುತ್ತದೆ. ಇವೆರಡನ್ನೂ ಕಂಟ್ರೋಲರ್ ದೋಷವೆಂದು ಗುರುತಿಸಿ ಗಾಡಿ ತಾನಾಗಿ ಮುನ್ನುಗ್ಗದಂತೆ ತಡೆಯಲಿ ಎಂಬುದು ಅದರ ಉದ್ದೇಶ. ಕೀ ಹಾಕುವಾಗಲೇ ಎಕ್ಸಿಲೇಟರ್ ತಿರುವಿದ್ದರೆ ಗಾಡಿ ಹೊರಡದಿರುವುದೂ ಇಂಥದೇ ರಕ್ಷಣೆ.

ಬ್ಯಾಟರಿಯಿಂದ ಬರೀ 10 ಆಂಪಿಯರ್ ಹೋಗುತ್ತಿರುವಾಗ ಮೋಟರಿನ ದಪ್ಪ ತಂತಿ ಕೈ ಸುಡುವಷ್ಟು ಬಿಸಿಯಾಗುವುದು ಹೇಗೆ?

ಬ್ಯಾಟರಿ ಕರೆಂಟೇ ಬೇರೆ, ಮೋಟರಿನ ಮೂರು ತಂತಿಗಳಲ್ಲಿ ಹರಿಯುವ ಫೇಸ್ ಕರೆಂಟೇ ಬೇರೆ. ಕಂಟ್ರೋಲರ್ ತನ್ನ ಸ್ವಿಚ್‌ಗಳನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಮಾಡಿ ಸರಾಸರಿ ವೋಲ್ಟೇಜನ್ನು ತಗ್ಗಿಸುತ್ತದೆ. ವೋಲ್ಟೇಜ್ ತಗ್ಗಿದಷ್ಟೂ ಕರೆಂಟ್ ಹಿಗ್ಗುತ್ತದೆ. 48 ವೋಲ್ಟ್ ಬ್ಯಾಟರಿಯಿಂದ 10 ಆಂಪಿಯರ್ ಎಂದರೆ 480 ವ್ಯಾಟ್. ಗಾಡಿ ಆಗ ತಾನೇ ಅಲುಗುತ್ತಿರುವಾಗ ಮೋಟರಿಗೆ ಬೇಕಿರುವುದು ಸುಮಾರು 6 ವೋಲ್ಟ್ ಮಾತ್ರ ಎಂದಾದರೆ, ನಷ್ಟಗಳನ್ನು ಬದಿಗಿಟ್ಟು ಲೆಕ್ಕ ಹಾಕಿದಾಗ, ಅದೇ 480 ವ್ಯಾಟ್ ಮೋಟರಿನ ಕಡೆ 80 ಆಂಪಿಯರ್ ಆಗಿರುತ್ತದೆ. ಡ್ಯಾಶ್‌ಬೋರ್ಡಿನ ಆಂಪಿಯರ್ ಮೀಟರ್ ನೋಡಿ ಮೋಟರಿನ ಕಷ್ಟವನ್ನು ಅಳೆಯುವುದು ಸಾಧ್ಯವಿಲ್ಲ. ಫೇಸ್ ತಂತಿಯ ನಟ್ ಸಡಿಲವಾಗಿದ್ದರೆ ಅಲ್ಲಿಯೇ ಮೊದಲು ಪ್ಲಾಸ್ಟಿಕ್ ಕರಗುವುದಕ್ಕೂ ಈ 80 ಆಂಪಿಯರೇ ಕಾರಣ.

ಬಿಎಲ್‌ಡಿಸಿ, ಪಿಎಂಎಸ್‌ಎಂ, ಇಂಡಕ್ಷನ್: ಇವುಗಳಲ್ಲಿ ಯಾವುದು ಒಳ್ಳೆಯದು?

ಮೊದಲೆರಡೂ ಮ್ಯಾಗ್ನೆಟ್ ಇರುವ ಮೋಟರುಗಳೇ. ಬಿಎಲ್‌ಡಿಸಿಯ ಬ್ಯಾಕ್ ಇಎಂಎಫ್ ತಲೆ ಚಪ್ಪಟೆಯಾದ ಅಲೆಯಂತೆ, ಪಿಎಂಎಸ್‌ಎಂನದು ನಯವಾದ ಸೈನ್ ಅಲೆಯಂತೆ ಇರುತ್ತದೆ. ಇಂಡಕ್ಷನ್ ಮೋಟರಿನಲ್ಲಿ ಮ್ಯಾಗ್ನೆಟ್ ಇರುವುದಿಲ್ಲ, ಹೊಲದ ಪಂಪಿನಂತೆಯೇ. ಕಾರ್ಬನ್ ಬ್ರಷ್ ಇರುವ ಹಳೆಯ ಡಿಸಿ ಮೋಟರನ್ನು ನಿಯಂತ್ರಿಸುವುದು ಎಲ್ಲಕ್ಕಿಂತ ಸುಲಭ, ಆದರೆ ಬ್ರಷ್ ಸವೆಯುತ್ತದೆ. 2001ರಲ್ಲಿ ಬೆಂಗಳೂರಿನಿಂದ ಮಾರುಕಟ್ಟೆಗೆ ಬಂದ ರೇವಾ ಕಾರು ಡಿಸಿ ಮೋಟರಿನಿಂದ ಆರಂಭವಾಗಿ ಮುಂದಿನ ಮಾದರಿಗಳಲ್ಲಿ ಎಸಿ ಇಂಡಕ್ಷನ್ ಮೋಟರಿಗೆ ಬದಲಾಯಿತು. ಇಂದಿನ ಸ್ಕೂಟರ್‌ಗಳಲ್ಲಿಯೂ ಹೆಚ್ಚಿನ ಕಾರುಗಳಲ್ಲಿಯೂ ಮ್ಯಾಗ್ನೆಟ್ ಮೋಟರುಗಳಿವೆ, ಏಕೆಂದರೆ ಅದೇ ತೂಕಕ್ಕೆ ಅವು ಹೆಚ್ಚು ಎಳೆಯುತ್ತವೆ. ನನ್ನ ಅಭಿಪ್ರಾಯ ಕೇಳಿದರೆ, ಮೋಟರಿನ ಹೆಸರಿಗಿಂತ ಅದನ್ನು ನಡೆಸುವ ಕಂಟ್ರೋಲರಿನ ಗುಣಮಟ್ಟವನ್ನು ವಿಚಾರಿಸುವುದು ಮೇಲು.

ಎಫ್‌ಒಸಿ ಕಂಟ್ರೋಲರ್ ಎಂದು ಹೆಚ್ಚು ಬೆಲೆ ಹೇಳುತ್ತಾರೆ. ಅದರಲ್ಲಿ ನಿಜವಾಗಿ ಏನಿದೆ?

ನಮ್ಮ ಕಡೆ ಕುಸುಬಿ ಎಣ್ಣೆ ತೆಗೆಯುವ ಎತ್ತಿನ ಗಾಣವನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಎತ್ತು ಗಾಣದ ಉದ್ದನೆಯ ಮರಕ್ಕೆ ಯಾವಾಗಲೂ ಅಡ್ಡಲಾಗಿ, ಎಂದರೆ 90 ಡಿಗ್ರಿ ಕೋನದಲ್ಲಿ ಎಳೆಯುತ್ತದೆ. ಮರ ಸುತ್ತಿದಂತೆ ಎತ್ತೂ ತನ್ನ ದಿಕ್ಕನ್ನು ಹೆಜ್ಜೆ ಹೆಜ್ಜೆಗೂ ಬದಲಿಸುತ್ತ ಆ ಕೋನವನ್ನು ಉಳಿಸಿಕೊಳ್ಳುತ್ತದೆ. ಅದೇ ಎತ್ತು ಮರದ ಉದ್ದಕ್ಕೆ, ಗಾಣದ ಕಡೆಗೋ ಹೊರಗಡೆಗೋ ಎಳೆದರೆ ಎಷ್ಟೇ ಬಲ ಹಾಕಿದರೂ ಗಾಣ ತಿರುಗುವುದಿಲ್ಲ. ಮೋಟರಿನಲ್ಲಿ ಮ್ಯಾಗ್ನೆಟ್ಟಿನ ದಿಕ್ಕು ಆ ಮರ, ವೈಂಡಿಂಗಿನ ಕರೆಂಟು ಉಂಟುಮಾಡುವ ಕಾಂತಕ್ಷೇತ್ರ ಆ ಎತ್ತು.

ಆರು ಹಂತದ ಸರಳ ಕಂಟ್ರೋಲರಿನಲ್ಲಿ ಎತ್ತಿಗೆ ನಿಲ್ಲಲು ಆರೇ ಜಾಗಗಳಿವೆ. ಆದ್ದರಿಂದ ಕೋನ 120 ಡಿಗ್ರಿಯಿಂದ 60 ಡಿಗ್ರಿಯವರೆಗೆ ಸರಿಯುತ್ತ ಹೋಗಿ, ಮತ್ತೆ ಜಿಗಿದು 120ಕ್ಕೆ ಬರುತ್ತದೆ. ಸೈನ್ ಅಲೆಯ ಮೋಟರಿಗೆ ಇಂಥ ಕಂಟ್ರೋಲರ್ ಜೋಡಿಸಿದರೆ ಎಳೆತವು ಪ್ರತಿ ಹಂತದಲ್ಲಿಯೂ ಗರಿಷ್ಠದ ಸುಮಾರು 87 ಪ್ರತಿಶತಕ್ಕೆ ಇಳಿದು ಏರುತ್ತದೆ. ಹೊರಡುವಾಗ ಕೇಳುವ ಗುರುಗುಟ್ಟುವಿಕೆ, ಹಿಡಿಕೆಯಲ್ಲಿ ಅನುಭವಕ್ಕೆ ಬರುವ ನಡುಕ ಇವೆಲ್ಲ ಅದರಿಂದಲೇ. ಎಫ್‌ಒಸಿ, ಎಂದರೆ ಕ್ಷೇತ್ರದ ದಿಕ್ಕನ್ನು ಅನುಸರಿಸುವ ನಿಯಂತ್ರಣ, ಎತ್ತನ್ನು ಸದಾ 90 ಡಿಗ್ರಿಯ ಹತ್ತಿರವೇ ಇಡುತ್ತದೆ.

ಇದನ್ನು ಸಾಧಿಸಲು ಕಂಟ್ರೋಲರ್ ಮೊದಲು ಫೇಸ್ ಕರೆಂಟುಗಳನ್ನು ಅಳೆಯುತ್ತದೆ. ಮೂರರ ಮೊತ್ತ ಯಾವಾಗಲೂ ಸೊನ್ನೆಯಾಗುವುದರಿಂದ ಎರಡನ್ನು ಅಳೆದರೂ ಸಾಕು. ಬಳಿಕ ಈ ಮೂರು ಅಲೆಗಳನ್ನು ಗಣಿತದ ಮೂಲಕ ಎರಡೇ ಸ್ಥಿರ ಸಂಖ್ಯೆಗಳಾಗಿ ಬದಲಿಸುತ್ತದೆ: ಒಂದು ಮ್ಯಾಗ್ನೆಟ್ಟಿನ ದಿಕ್ಕಿಗಿರುವ ಕರೆಂಟ್, ಇನ್ನೊಂದು ಅದಕ್ಕೆ ಅಡ್ಡಲಾಗಿರುವ ಕರೆಂಟ್. ಮೊದಲನೆಯದನ್ನು ಸಾಮಾನ್ಯವಾಗಿ ಸೊನ್ನೆಯಲ್ಲಿ ಹಿಡಿದು, ಎರಡನೆಯದನ್ನು ಎಕ್ಸಿಲೇಟರ್ ಕೇಳಿದಷ್ಟಕ್ಕೆ ತಂದು ನಿಲ್ಲಿಸುತ್ತದೆ. ಮ್ಯಾಗ್ನೆಟ್ಟುಗಳು ರೋಟರಿನ ಉಕ್ಕಿನೊಳಗೆ ಹುದುಗಿರುವ ಮೋಟರುಗಳಲ್ಲಿ ಉಕ್ಕಿನ ಸೆಳೆತವೂ ಕೆಲಸಕ್ಕೆ ಬರುವುದರಿಂದ ಮೊದಲನೆಯ ಕರೆಂಟಿಗೂ ಸ್ವಲ್ಪ ಪಾಲು ಕೊಡುತ್ತಾರೆ. ಈ ಪರಿವರ್ತನೆಗಳಿಗೆ ಎಡಿತ್ ಕ್ಲಾರ್ಕ್ ಮತ್ತು ರಾಬರ್ಟ್ ಪಾರ್ಕ್ ಎಂಬ ಅಮೆರಿಕದ ಇಬ್ಬರು ಎಂಜಿನಿಯರುಗಳ ಹೆಸರಿದೆ. ಪಾರ್ಕ್ ಅವರ ಪ್ರಬಂಧ 1929ರದು. ಅದನ್ನು ಮೋಟರ್ ನಿಯಂತ್ರಣದ ವಿಧಾನವಾಗಿ ರೂಪಿಸಿದವರು ಜರ್ಮನಿಯಲ್ಲಿ ಕೆ. ಹಾಸೆ ಮತ್ತು ಫೆಲಿಕ್ಸ್ ಬ್ಲಾಶ್ಕೆ, 1960ರ ದಶಕದ ಕೊನೆಗೆ ಮತ್ತು 1970ರ ದಶಕದ ಆರಂಭಕ್ಕೆ. ಸೆಕೆಂಡಿಗೆ ಹತ್ತು ಸಾವಿರ ಸಲದ ಲೆಕ್ಕದಲ್ಲಿ ಈ ಗುಣಾಕಾರಗಳನ್ನು ಮಾಡಬಲ್ಲ ಚಿಪ್‌ಗಳು ಅಗ್ಗವಾದ ಮೇಲೆಯೇ ಅದು ನಮ್ಮ ಸ್ಕೂಟರಿನವರೆಗೆ ಬಂದದ್ದು. ಒಬ್ಬ ಗಣಿತದ ಮೇಷ್ಟ್ರ ಮುಂದೆ ಇದನ್ನು ವಿವರಿಸಿದಾಗ, ತಾವು ವರ್ಷಗಟ್ಟಲೆ ಬೋಧಿಸಿದ ಸೈನ್ ಕೊಸೈನ್ ಆಟೊದ ಸೀಟಿನ ಕೆಳಗೆ ಇದೆ ಎಂದು ತಿಳಿದು ಅವರ ಮುಖ ಅರಳಿದ್ದು ನನಗಿನ್ನೂ ನೆನಪಿದೆ.

ಹೆಚ್ಚಿನ ಬೆಲೆ ಕೊಡಬೇಕೇ? ದಿನವಿಡೀ ಓಡುವ ಗಾಡಿಯಾದರೆ ಕೊಡಬೇಕು ಎಂದೇ ನಾನು ಹೇಳುತ್ತೇನೆ. ಅದೇ ಕರೆಂಟಿಗೆ ಹೆಚ್ಚು ಎಳೆತ ಸಿಕ್ಕರೆ ಅಷ್ಟೇ ಶಾಖ ಕಡಿಮೆ.

"ಸರ್, ಗಾಡಿ ಹೊಂಡುವಾಗ ಜರ್ಕ್ ಹೊಡಿತೈತ್ರಿ, ಒಮ್ಮೊಮ್ಮೆ ಹೊಂಡೂದ ಇಲ್ರಿ." ಇದಕ್ಕೆ ಕಾರಣವೇನು?

ನೂರಕ್ಕೆ ನೂರು ಎಂದು ಹೇಳಲಾಗದಿದ್ದರೂ, ಮೊದಲು ಸಂಶಯಿಸಬೇಕಾದದ್ದು ಮೋಟರಿನೊಳಗಿನ ಹಾಲ್ ಸೆನ್ಸರುಗಳನ್ನು ಮತ್ತು ಅವುಗಳ ಕನೆಕ್ಟರನ್ನು. ಮ್ಯಾಗ್ನೆಟ್ ಯಾವ ಕಡೆ ನಿಂತಿದೆ ಎಂದು ಕಂಟ್ರೋಲರಿಗೆ ತಿಳಿಸುವುದು ಈ ಮೂರು ಸೆನ್ಸರುಗಳು. ಪ್ರತಿಯೊಂದೂ ಆನ್ ಅಥವಾ ಆಫ್ ಇರುವುದರಿಂದ ಒಟ್ಟು ಎಂಟು ಸಂಯೋಜನೆಗಳು ಸಾಧ್ಯ. 120 ಡಿಗ್ರಿ ಅಂತರದಲ್ಲಿ ಕೂಡಿಸಿದ ಸೆನ್ಸರುಗಳಲ್ಲಿ ಆರು ಮಾತ್ರ ಬರಬೇಕು. ಮೂರೂ ಆನ್ ಅಥವಾ ಮೂರೂ ಆಫ್ ಕಂಡರೆ ಕಂಟ್ರೋಲರ್ ದೋಷ ಎಂದು ತಿಳಿದು ನಿಲ್ಲುತ್ತದೆ. ಒಂದು ಸೆನ್ಸರ್ ಕೆಟ್ಟಾಗ ಚಕ್ರದ ಕೆಲವು ಸ್ಥಾನಗಳಲ್ಲಿ ಗಾಡಿ ಹೊರಡುತ್ತದೆ, ಕೆಲವು ಸ್ಥಾನಗಳಲ್ಲಿ ಹೊರಡುವುದಿಲ್ಲ. ಕೈಯಿಂದ ಸ್ವಲ್ಪ ತಳ್ಳಿದರೆ ಮತ್ತೆ ಹೊರಡುತ್ತದೆ. ಈ ಲಕ್ಷಣ ಕಂಡರೆ ಕಂಟ್ರೋಲರ್ ಬದಲಿಸುವ ಖರ್ಚಿಗೆ ಹೋಗಬೇಡಿ.

ಪರೀಕ್ಷೆಗೆ ಮಲ್ಟಿಮೀಟರ್ ಸಾಕು. ಚಕ್ರವನ್ನು ಎತ್ತಿ ನಿಲ್ಲಿಸಿ, ಕನೆಕ್ಟರ್ ಜೋಡಿಸಿದ ಸ್ಥಿತಿಯಲ್ಲಿಯೇ ಹಿಂಬದಿಯಿಂದ ಮೀಟರಿನ ಮೊನೆ ತಾಗಿಸಿ, ಹಾಲ್ ಸಂಕೇತದ ಒಂದೊಂದೇ ತಂತಿಯನ್ನು ಕಪ್ಪು ತಂತಿಗೆ ಹೋಲಿಸಿ ಅಳೆಯುತ್ತ ಚಕ್ರವನ್ನು ಬಹಳ ನಿಧಾನವಾಗಿ ತಿರುಗಿಸಿ. ವೋಲ್ಟೇಜ್ ಸೊನ್ನೆಗೂ ಸುಮಾರು 5ಕ್ಕೂ ನಡುವೆ ಜಿಗಿಯುತ್ತಿರಬೇಕು. ಜಿಗಿಯದ ತಂತಿ ಸಿಕ್ಕರೆ ದೋಷ ಅಲ್ಲಿಯೇ ಇದೆ.

ಸೆನ್ಸರಿಲ್ಲದೆ ಬ್ಯಾಕ್ ಇಎಂಎಫ್ ನೋಡಿಯೇ ನಡೆಸುವ ಕಂಟ್ರೋಲರುಗಳೂ ಇವೆ. ಫ್ಯಾನಿಗೆ ಅದು ಸರಿ. ನಿಂತ ಮೋಟರಿನಲ್ಲಿ ಬ್ಯಾಕ್ ಇಎಂಎಫ್ ಸೊನ್ನೆಯಾದ್ದರಿಂದ, ಆರು ಚೀಲ ಹೇರಿದ ಗಾಡಿಯನ್ನು ನಿಂತಲ್ಲಿಂದ ಎಳೆಯಲು ಆ ವಿಧಾನವನ್ನು ನಾನು ನಂಬುವುದಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಹೊತ್ತು ಗಾಡಿಯ ಪಿಕಪ್ ಏಕೆ ಕಡಿಮೆಯಾಗುತ್ತದೆ? ಇದು ದೋಷವೇ?

ಬಹುಮಟ್ಟಿಗೆ ಇದು ದೋಷವಲ್ಲ, ರಕ್ಷಣೆ. ಕಂಟ್ರೋಲರಿನಲ್ಲಿಯೂ ಒಳ್ಳೆಯ ಮೋಟರಿನಲ್ಲಿಯೂ ಉಷ್ಣತೆ ಅಳೆಯುವ ಸೆನ್ಸರ್ ಇರುತ್ತದೆ. ನಿಗದಿತ ಮಟ್ಟ ದಾಟಿದೊಡನೆ ಕಂಟ್ರೋಲರ್ ಕರೆಂಟನ್ನು ಹಂತ ಹಂತವಾಗಿ ಇಳಿಸುತ್ತದೆ, ಇನ್ನೂ ಏರಿದರೆ ನಿಲ್ಲಿಸುತ್ತದೆ.

ವೈಂಡಿಂಗಿನಲ್ಲಿ ಹುಟ್ಟುವ ಶಾಖವು ಕರೆಂಟಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ: ಕರೆಂಟ್ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಅದರ ಮೇಲೆ, ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.39 ಪ್ರತಿಶತ ಏರುವುದರಿಂದ, 20 ಡಿಗ್ರಿಯಲ್ಲಿದ್ದ ವೈಂಡಿಂಗ್ 120 ಡಿಗ್ರಿಗೆ ಬಂದಾಗ ಅದೇ ಕರೆಂಟಿಗೆ ಸುಮಾರು 39 ಪ್ರತಿಶತ ಹೆಚ್ಚು ಶಾಖವನ್ನು ಹುಟ್ಟಿಸುತ್ತದೆ. ಶಾಖವೇ ಶಾಖವನ್ನು ಬೆಳೆಸುವ ಈ ಚಕ್ರವನ್ನು ಕರೆಂಟ್ ಇಳಿಸದೆ ಮುರಿಯಲು ಇರುವ ಒಂದೇ ದಾರಿ ಹೊರಗಿನ ಗಾಳಿ. ನಮ್ಮಲ್ಲಿ ಆ ಗಾಳಿಯೇ 40 ಡಿಗ್ರಿ ದಾಟಿರುತ್ತದೆ. ಬಿಸಿಲಿಗೆ ಕಾದ ಡಾಂಬರಿನ ಮೇಲಿನ ಗಾಳಿ ಅದಕ್ಕಿಂತಲೂ ಬಿಸಿ.

ಮೋಟರಿನಲ್ಲಿ ಮೊದಲು ಹಾನಿಗೊಳಗಾಗುವುದು ಯಾವಾಗಲೂ ವೈಂಡಿಂಗ್ ಅಲ್ಲ. ಎಫ್ ದರ್ಜೆಯ ನಿರೋಧಕ 155 ಡಿಗ್ರಿಯನ್ನೂ ಎಚ್ ದರ್ಜೆಯದು 180 ಡಿಗ್ರಿಯನ್ನೂ ತಡೆಯುತ್ತದೆ. ಆದರೆ ನಿಯೋಡಿಮಿಯಂ ಮ್ಯಾಗ್ನೆಟ್ಟಿನ ಸಾಮಾನ್ಯ ದರ್ಜೆಗೆ 80 ಡಿಗ್ರಿಯೇ ಮಿತಿ. 120 ಅಥವಾ 150 ಡಿಗ್ರಿ ತಡೆಯುವ ದರ್ಜೆಗಳು ದುಬಾರಿ. ಮಿತಿ ಮೀರಿ ಕಾದು, ಅದೇ ಹೊತ್ತಿಗೆ ಭಾರಿ ಕರೆಂಟೂ ಹರಿದರೆ ಮ್ಯಾಗ್ನೆಟ್ಟಿನ ಶಕ್ತಿಯ ಒಂದು ಪಾಲು ಶಾಶ್ವತವಾಗಿ ಹೋಗುತ್ತದೆ. ಅದರ ಲಕ್ಷಣ ವಿಚಿತ್ರವಾಗಿದೆ: ಚಕ್ರ ಎತ್ತಿ ತಿರುಗಿಸಿದರೆ ಗಾಡಿ ಮೊದಲಿಗಿಂತ ಜೋರಾಗಿ ತಿರುಗುತ್ತದೆ, ಆದರೆ ಭಾರ ಹೇರಿದಾಗ ಎಳೆಯುವುದಿಲ್ಲ. ಮ್ಯಾಗ್ನೆಟ್ ಕ್ಷೀಣಿಸಿದ್ದರಿಂದ ಬ್ಯಾಕ್ ಇಎಂಎಫ್ ತಗ್ಗಿ ವೇಗ ಏರಿದೆ, ಅದೇ ಕಾರಣದಿಂದ ಪ್ರತಿ ಆಂಪಿಯರಿಗೆ ಸಿಗುವ ಎಳೆತವೂ ತಗ್ಗಿದೆ. ಜೋರಾಗಿ ತಿರುಗುವುದನ್ನು ನೋಡಿ ಮೋಟರ್ ಚೆನ್ನಾಗಿದೆ ಎಂದು ಅನುಭವಿ ಮೆಕ್ಯಾನಿಕರೂ ತೀರ್ಪು ಕೊಟ್ಟದ್ದನ್ನು ನಾನು ನೋಡಿದ್ದೇನೆ.

ಕಂಟ್ರೋಲರಿನೊಳಗೆ ಬಿಸಿಗೆ ಬೇಗ ಬಲಿಯಾಗುವುದು ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಡುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ಉಷ್ಣತೆ 10 ಡಿಗ್ರಿ ಏರಿದರೆ ಅದರ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ಈ ವೃತ್ತಿಯಲ್ಲಿ ಎಲ್ಲರೂ ಬಳಸುವ ಅಂದಾಜು. ಆದ್ದರಿಂದ ಸೀಟಿನ ಕೆಳಗೆ ಕಂಟ್ರೋಲರಿನ ಮೇಲೆ ಗೋಣಿ ಚೀಲ, ಬಟ್ಟೆ, ಟಯರ್ ಟ್ಯೂಬ್ ತುಂಬಬೇಡಿ. ಅದರ ಮೈಮೇಲಿನ ಏಣುಗಳಲ್ಲಿ ತುಂಬಿದ ಧೂಳನ್ನು ತಿಂಗಳಿಗೊಮ್ಮೆ ಒಣ ಬ್ರಷ್‌ನಿಂದ ತೆಗೆಯಿರಿ. ಮಧ್ಯಾಹ್ನ ನಿಲ್ಲಿಸುವಾಗ ಬೇವಿನ ಮರದ ನೆರಳು ಹುಡುಕುವುದು ಚಾಲಕನಿಗೆ ಎಷ್ಟು ಮುಖ್ಯವೋ ಗಾಡಿಗೂ ಅಷ್ಟೇ ಮುಖ್ಯ.

ಸಣ್ಣ ಏರು ಬಂದರೂ ಗಾಡಿ ಇಷ್ಟೊಂದು ಏಕೆ ಒದ್ದಾಡುತ್ತದೆ?

ಲೆಕ್ಕ ಮಾಡಿ ನೋಡೋಣ. ಜನ ತುಂಬಿದ ಬ್ಯಾಟರಿ ಆಟೊ 700 ಕಿಲೋ ಇದೆ ಎನ್ನಿ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಟಯರಿನ ಉರುಳು ಪ್ರತಿರೋಧ ತೂಕದ 1.5 ಪ್ರತಿಶತ ಎಂದು ಹಿಡಿದರೆ ಸುಮಾರು 103 ನ್ಯೂಟನ್ ಬಲ ಬೇಕು. 20 ಮೀಟರ್ ಹೋಗುವಷ್ಟರಲ್ಲಿ 1 ಮೀಟರ್ ಏರುವ ರಸ್ತೆಯಲ್ಲಿ ಅದಕ್ಕೆ ಇನ್ನೂ 343 ನ್ಯೂಟನ್ ಸೇರುತ್ತದೆ. ಒಟ್ಟು ಸುಮಾರು 446 ನ್ಯೂಟನ್, ಎಂದರೆ ನಾಲ್ಕು ಪಟ್ಟಿಗಿಂತ ಹೆಚ್ಚು. ಕರೆಂಟ್ ಸುಮಾರು ನಾಲ್ಕು ಪಟ್ಟು ಏರಿದರೆ ತಾಮ್ರದ ಶಾಖ ಸುಮಾರು ಹದಿನಾರು ಪಟ್ಟು ಏರುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗಕ್ಕೆ ಸಮತಟ್ಟಿನಲ್ಲಿ 600 ವ್ಯಾಟಿನೊಳಗೆ ಮುಗಿಯುತ್ತಿದ್ದ ಕೆಲಸಕ್ಕೆ ಆ ಏರಿನಲ್ಲಿ ಸುಮಾರು 2500 ವ್ಯಾಟ್ ಬೇಕು.

ಇಲ್ಲಿ ಒಂದು ಕೆಟ್ಟ ರೂಢಿಯ ಬಗ್ಗೆ ಕಳಕಳಿಯಿಂದ ಹೇಳಬೇಕಾಗಿದೆ. ಏರಿನಲ್ಲಿ ಸಿಗ್ನಲ್ ಬಿದ್ದಾಗ ಬ್ರೇಕ್ ಹಿಡಿಯದೆ, ಎಕ್ಸಿಲೇಟರನ್ನು ಅರೆ ತಿರುವಿ ಗಾಡಿಯನ್ನು ನಿಂತಲ್ಲೇ ತಡೆದುಕೊಳ್ಳುವವರಿದ್ದಾರೆ. ಚಕ್ರ ತಿರುಗದಿದ್ದಾಗ ಮೋಟರಿನಿಂದ ಹೊರಬರುವ ಕೆಲಸ ಸೊನ್ನೆ. ಒಳಹೋದ ವಿದ್ಯುತ್ತೆಲ್ಲ ಶಾಖವಾಗುತ್ತದೆ. ಜೊತೆಗೆ, ಚಕ್ರ ತಿರುಗುತ್ತಿದ್ದರೆ ಆರೂ ಗುಂಪಿನ ಮಾಸ್ಫೆಟ್‌ಗಳು ಸರದಿಯಂತೆ ಹೊರುವ ಭಾರವನ್ನು ಆಗ ಒಂದೆರಡೇ ಗುಂಪುಗಳು ಬಿಡುವಿಲ್ಲದೆ ಹೊರುತ್ತವೆ. ಹಾಗಾಗಿ ಏರಿನಲ್ಲಿ ಬ್ರೇಕ್ ಹಿಡಿದೇ ನಿಲ್ಲಿ.

ಕಂಟ್ರೋಲರಿನ ಶಂಟ್‌ಗೆ ಬೆಸುಗೆ ಹಾಕಿದರೆ ಪಿಕಪ್ ಹೆಚ್ಚುತ್ತದೆ ಎನ್ನುತ್ತಾರೆ. ಮಾಡಿಸಬಹುದೇ?

ಮಾಡಿಸಬೇಡಿ. ಅಗ್ಗದ ಕಂಟ್ರೋಲರಿನಲ್ಲಿ ಬ್ಯಾಟರಿ ಕರೆಂಟನ್ನು ಅಳೆಯುವುದು ಶಂಟ್ ಎಂಬ ದಪ್ಪ ತಂತಿಯ ತುಂಡಿನ ಮೂಲಕ. ಅದರ ಎರಡು ತುದಿಗಳ ನಡುವಿನ ಅತಿ ಸಣ್ಣ ವೋಲ್ಟೇಜೇ ಕಂಟ್ರೋಲರಿನ ಅಳತೆಗೋಲು. ಅದರ ಮೇಲೆ ಸೋಲ್ಡರ್ ತುಂಬಿದರೆ ರೋಧ ಇಳಿದು, 50 ಆಂಪಿಯರ್ ಹರಿಯುತ್ತಿರುವಾಗ ಕಂಟ್ರೋಲರ್ 30 ಆಂಪಿಯರ್ ಎಂದು ತಿಳಿಯಬಹುದು. ಮಾಸ್ಫೆಟ್, ತಂತಿ, ಮೋಟರ್, ಬ್ಯಾಟರಿ ಯಾವುದೂ ಬದಲಾಗಿಲ್ಲ. ಕಾವಲುಗಾರನ ಕಣ್ಣು ಮಾತ್ರ ಮಂಜಾಗಿದೆ.

ಇಂಡಿ ಕಡೆಯಿಂದ ಲಿಂಬೆಹಣ್ಣಿನ ಚೀಲ ಹೇರಿಕೊಂಡು ಬರುತ್ತಿದ್ದ ಚಾಲಕರೊಬ್ಬರು ಹೀಗೆ ಮಾಡಿಸಿಕೊಂಡಿದ್ದರು. ಮೊದಲ ವಾರ ಅವರಿಗೆ ಬಹಳ ಸಂತೋಷವಾಗಿತ್ತು. ಏಪ್ರಿಲ್‌ನ ಒಂದು ಮಧ್ಯಾಹ್ನ ದಾರಿಯಲ್ಲಿ ಗಾಡಿ ನಿಂತು, ಹೊಗೆ ಬಂತು. ಬಿಚ್ಚಿ ನೋಡಿದಾಗ ಒಂದು ಫೇಸಿನ ಎರಡೂ ಗುಂಪಿನ ಮಾಸ್ಫೆಟ್‌ಗಳು ಸಿಡಿದಿದ್ದವು, ಫೇಸ್ ತಂತಿಗಳ ಹೊದಿಕೆ ಒಂದಕ್ಕೊಂದು ಅಂಟಿತ್ತು, ಮೋಟರಿನೊಳಗಿನ ಒಂದು ಹಾಲ್ ಸೆನ್ಸರ್ ಸುಟ್ಟಿತ್ತು. ಆ ದಿನದ ಲಿಂಬೆಹಣ್ಣೂ ಬಿಸಿಲಿಗೆ ಬಾಡಿತು. ಅವರು ಖರ್ಚು ಹೊಂದಿಸಿಕೊಂಡು ಮತ್ತೆ ಗಾಡಿ ಹೊರಡಿಸಲು ಒಂದು ತಿಂಗಳು ಹಿಡಿಯಿತು.

ಕೆಲವು ಗಾಡಿಗಳು ಬ್ಯಾಟರಿ ವೋಲ್ಟೇಜ್ ಬಿಡುವುದಕ್ಕಿಂತಲೂ ವೇಗವಾಗಿ ಹೋಗುವುದು ಹೇಗೆ?

ಗಾಣದ ಎತ್ತಿಗೇ ಹಿಂತಿರುಗೋಣ. ಕರೆಂಟಿನ ಒಂದು ಪಾಲನ್ನು ಬೇಕೆಂದೇ ಮ್ಯಾಗ್ನೆಟ್ಟಿಗೆ ಎದುರು ದಿಕ್ಕಿನಲ್ಲಿ ಹರಿಸಿದರೆ ಬ್ಯಾಕ್ ಇಎಂಎಫ್ ತಾತ್ಕಾಲಿಕವಾಗಿ ತಗ್ಗುತ್ತದೆ, ಇನ್ನಷ್ಟು ವೇಗಕ್ಕೆ ಜಾಗ ಸಿಗುತ್ತದೆ. ಇದಕ್ಕೆ ಫೀಲ್ಡ್ ವೀಕನಿಂಗ್ ಎನ್ನುತ್ತಾರೆ. ಆ ಪಾಲಿನ ಕರೆಂಟ್ ಎಳೆಯುವ ಕೆಲಸಕ್ಕೆ ಬಾರದೆ ಶಾಖವನ್ನು ಮಾತ್ರ ಹೆಚ್ಚಿಸುತ್ತದೆ. ಅಂಥ ವೇಗದಲ್ಲಿರುವಾಗ ಕಂಟ್ರೋಲರ್ ಹಠಾತ್ತನೆ ಕೈಕೊಟ್ಟರೆ ಮೋಟರಿನ ವೋಲ್ಟೇಜ್ ಬ್ಯಾಟರಿ ವೋಲ್ಟೇಜನ್ನು ಮೀರಿ ಮಾಸ್ಫೆಟ್‌ಗಳೊಳಗಿನ ಡಯೋಡ್‌ಗಳ ಮೂಲಕ ಹಿಂದಕ್ಕೆ ನುಗ್ಗುತ್ತದೆ.

ರೀಜನರೇಟಿವ್ ಬ್ರೇಕಿಂಗ್‌ನಿಂದ ಬ್ಯಾಟರಿ ಎಷ್ಟು ತುಂಬುತ್ತದೆ?

ಬ್ರೇಕ್ ಹಿಡಿಯುವಾಗ ಮೋಟರನ್ನೇ ಡೈನಮೊ ಆಗಿಸಿ ಗಾಡಿಯ ಚಲನ ಶಕ್ತಿಯನ್ನು ಬ್ಯಾಟರಿಗೆ ಮರಳಿಸುವುದೇ ರೀಜನರೇಟಿವ್ ಬ್ರೇಕಿಂಗ್, ಚಿಕ್ಕದಾಗಿ ರೀಜನ್. ನಮ್ಮ ಸಮತಟ್ಟಾದ ರಸ್ತೆಗಳಲ್ಲಿ ಅದರಿಂದ ತುಂಬುವುದು ನಿರೀಕ್ಷೆಗಿಂತ ಬಹಳ ಕಡಿಮೆ. ಸವಾರನೂ ಸೇರಿ 180 ಕಿಲೋ ಇರುವ ಸ್ಕೂಟರ್ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿದ್ದಾಗ ಅದರ ಚಲನ ಶಕ್ತಿ ಸುಮಾರು 3.1 ವ್ಯಾಟ್-ಅವರ್ ಮಾತ್ರ. ಅದರಲ್ಲಿ 60 ಪ್ರತಿಶತ ಹಿಂದಕ್ಕೆ ಬಂತು ಎಂದುಕೊಂಡರೂ, ಕಿಲೋಮೀಟರಿಗೆ 27 ವ್ಯಾಟ್-ಅವರ್ ಬಳಸುವ ಸ್ಕೂಟರಿಗೆ ಅದು ಸುಮಾರು 70 ಮೀಟರ್ ದಾರಿಗೆ ಸಾಲುತ್ತದೆ. ಸಿಂದಗಿ ರಸ್ತೆಯಲ್ಲಿ ನಿಲ್ಲದೆ ಓಡುವವರಿಗೆ ಇದರಿಂದ ಹೇಳಿಕೊಳ್ಳುವ ಲಾಭವಿಲ್ಲ. ಪೇಟೆಯೊಳಗೆ ಹೆಜ್ಜೆಗೊಮ್ಮೆ ನಿಲ್ಲಿಸುವ ಆಟೊಗೆ ಸ್ವಲ್ಪ ಇದೆ, ಬ್ರೇಕ್ ಲೈನರ್ ಉಳಿಯುವುದು ಅದಕ್ಕಿಂತ ದೊಡ್ಡ ಲಾಭ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿಯುವವರ ಮಾತು ಬೇರೆ: ಅದೇ ಸ್ಕೂಟರ್ 500 ಮೀಟರ್ ಎತ್ತರ ಇಳಿದರೆ ಸುಮಾರು 245 ವ್ಯಾಟ್-ಅವರ್ ಶಕ್ತಿ ಬಿಡುಗಡೆಯಾಗುತ್ತದೆ.

ಆದರೆ ಪೂರ್ತಿ ಚಾರ್ಜ್ ಆದ ಬ್ಯಾಟರಿಯೊಂದಿಗೆ ಘಾಟ್ ಇಳಿಯಲು ಹೊರಟರೆ, ತುಂಬಿದ ಕೊಡಕ್ಕೆ ಮತ್ತೆ ನೀರು ಹಾಕಲಾಗದಂತೆ, ಆ ಶಕ್ತಿಗೆ ಹೋಗಲು ಜಾಗವಿರುವುದಿಲ್ಲ. ಸರಿಯಾದ ಕಂಟ್ರೋಲರ್ ಆಗ ರೀಜನ್ ನಿಲ್ಲಿಸುತ್ತದೆ. ಪಿಕಪ್‌ನಂತೆಯೇ ಬ್ರೇಕಿನ ಹಿಡಿತವೂ ಹೀಗೆ ಒಮ್ಮೆಲೇ ಬದಲಾಗಬಹುದೆಂದು ತಿಳಿದಿರಬೇಕು, ಮತ್ತು ಮೆಕ್ಯಾನಿಕಲ್ ಬ್ರೇಕ್ ಯಾವಾಗಲೂ ಸುಸ್ಥಿತಿಯಲ್ಲಿರಬೇಕು. ಬೇರೆ ಬೇರೆ ಕಡೆಯಿಂದ ತಂದ ಬ್ಯಾಟರಿ ಮತ್ತು ಕಂಟ್ರೋಲರನ್ನು ಜೋಡಿಸಿದ ಗಾಡಿಗಳಲ್ಲಿ ಇನ್ನೊಂದು ಅಪಾಯವಿದೆ: ರೀಜನ್ ನಡೆಯುತ್ತಿರುವಾಗಲೇ ಬ್ಯಾಟರಿಯ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಸಂಪರ್ಕ ಕಡಿದರೆ ಕಂಟ್ರೋಲರಿನೊಳಗಿನ ವೋಲ್ಟೇಜ್ ಕ್ಷಣದಲ್ಲಿ ಏರಿ ಮಾಸ್ಫೆಟ್‌ಗಳು ಹೋಗುತ್ತವೆ.

ಗಾಡಿ ತಳ್ಳಲೂ ಆಗದಷ್ಟು ಬಿಗಿಯಾಗಿದೆ. ಕೆಟ್ಟಿರುವುದು ಮೋಟರೋ, ಕಂಟ್ರೋಲರೋ?

ಬ್ಯಾಟರಿ ಸಂಪರ್ಕ ತೆಗೆದು, ಮೋಟರಿನ ಮೂರು ಫೇಸ್ ತಂತಿಗಳನ್ನು ಕಂಟ್ರೋಲರಿನಿಂದ ಬಿಡಿಸಿ, ಒಂದಕ್ಕೊಂದು ತಾಗದಂತೆ ಇಟ್ಟು ಚಕ್ರ ತಿರುಗಿಸಿ. ಸಲೀಸಾಗಿ ತಿರುಗಿದರೆ ಮೋಟರ್ ಬಹುತೇಕ ಸರಿಯಿದೆ, ಕಂಟ್ರೋಲರಿನಲ್ಲಿ ಮಾಸ್ಫೆಟ್ ಶಾರ್ಟ್ ಆಗಿದೆ. ಆಗಲೂ ಬಿಗಿಯಾಗಿದ್ದರೆ ವೈಂಡಿಂಗ್ ಶಾರ್ಟ್ ಅಥವಾ ಬೇರಿಂಗ್ ದೋಷ. ಚೆನ್ನಾಗಿರುವ ಮೋಟರಿನ ಯಾವುದೇ ಎರಡು ಫೇಸ್ ತಂತಿಗಳನ್ನು ಬೇಕೆಂದೇ ಕೂಡಿಸಿ ತಿರುಗಿಸಿ ನೋಡಿ. ತಡೆತಡೆದು ಬಿಗಿಯುವುದು ಕೈಗೆ ತಿಳಿಯುತ್ತದೆ. ಮೂರೂ ಜೋಡಿಗಳಲ್ಲಿ ಆ ಬಿಗಿ ಒಂದೇ ಸಮನಾಗಿರಬೇಕು.

ಮಳೆಯಲ್ಲಿ ಓಡಿಸಬಹುದೇ? ಪ್ರೆಶರ್ ವಾಷ್ ಮಾಡಿಸಬಹುದೇ?

ಮಳೆಯಲ್ಲಿ ಓಡಿಸಬಹುದು. ಕಂಟ್ರೋಲರ್, ಕನೆಕ್ಟರ್ ಮತ್ತು ಹಬ್ ಮೋಟರಿನ ತಂತಿ ಒಳಹೋಗುವ ಜಾಗಕ್ಕೆ ಪ್ರೆಶರ್ ನೀರು ಹೊಡೆಸಬೇಡಿ. ನೀರು ಮೊದಲು ಕೆಡಿಸುವುದು ಹಾಲ್ ಸೆನ್ಸರಿನ ಕನೆಕ್ಟರನ್ನೇ.

ವೇಗದ ಮಿತಿ ತೆಗೆಸಿದರೆ ತಪ್ಪೇನು?

ಮೋಟರ್ 250 ವ್ಯಾಟ್ ಮೀರದೆ, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರ್ ಮೀರದೆ ಇರುವ ದ್ವಿಚಕ್ರ ವಾಹನಕ್ಕೆ ನೋಂದಣಿ ಬೇಕಿಲ್ಲ ಎಂಬ ವಿನಾಯಿತಿ ಆ ಮಿತಿಯ ಮೇಲೆಯೇ ನಿಂತಿದೆ. ಮಿತಿ ತೆಗೆದ ದಿನ ಅದು ನೋಂದಣಿಯೂ ವಿಮೆಯೂ ಇಲ್ಲದ ಮೋಟಾರು ವಾಹನವಾಗುತ್ತದೆ. ಇ-ರಿಕ್ಷಾಗೂ 25 ಕಿಲೋಮೀಟರೇ ಮಿತಿ. ಅದರ ಬ್ರೇಕು, ಟಯರು, ಚಾಸಿ ಎಲ್ಲವನ್ನೂ ಆ ವೇಗಕ್ಕೆ ತಕ್ಕಂತೆಯೇ ಮಾಡಿರುತ್ತಾರೆ. ಹಿಂದಿನ ಸೀಟಿನಲ್ಲಿ ಶಾಲೆಯ ಮಕ್ಕಳು ಕುಳಿತಿರುತ್ತಾರೆ.

ಹೊಸ ಕಂಟ್ರೋಲರ್ ತಂದಿದ್ದೇನೆ. ಜೋಡಿಸುವಾಗ ಏನನ್ನು ನೋಡಿಕೊಳ್ಳಬೇಕು?

ವೋಲ್ಟೇಜ್, ಬ್ಯಾಟರಿ ಕರೆಂಟಿನ ಮಿತಿ, ಫೇಸ್ ಕರೆಂಟಿನ ಮಿತಿ ಮತ್ತು ಲೋ ವೋಲ್ಟೇಜ್ ಕಟ್ಆಫ್ (ಬ್ಯಾಟರಿ ಎಷ್ಟಕ್ಕಿಳಿದರೆ ಗಾಡಿ ನಿಲ್ಲಿಸಬೇಕು ಎಂಬ ಮಟ್ಟ) ಇವು ನಿಮ್ಮ ಬ್ಯಾಟರಿಗೂ ಮೋಟರಿಗೂ ಹೊಂದಬೇಕು. ಲೆಡ್ ಆ್ಯಸಿಡ್ ಬ್ಯಾಟರಿಗೆಂದು ಮಾಡಿದ ಕಟ್ಆಫ್ ಲಿಥಿಯಂ ಬ್ಯಾಟರಿಗೆ ಸರಿಹೋಗುತ್ತದೆ ಎಂದು ಊಹಿಸಬೇಡಿ.

ತಂತಿಯ ಬಣ್ಣಗಳನ್ನೂ ನಂಬಬೇಡಿ. ಮೂರು ಫೇಸ್ ತಂತಿಗಳನ್ನು ಆರು ರೀತಿಯಲ್ಲಿ, ಮೂರು ಹಾಲ್ ತಂತಿಗಳನ್ನು ಆರು ರೀತಿಯಲ್ಲಿ ಜೋಡಿಸಬಹುದು, ಒಟ್ಟು 36. ಅವುಗಳಲ್ಲಿ ಮೂರು ಜೋಡಣೆಗಳಲ್ಲಿ ಮೋಟರ್ ಸರಿಯಾಗಿ ಮುಂದಕ್ಕೆ, ಇನ್ನು ಮೂರರಲ್ಲಿ ಸರಿಯಾಗಿ ಹಿಂದಕ್ಕೆ ತಿರುಗುತ್ತದೆ. ಉಳಿದ ಮೂವತ್ತರಲ್ಲಿ ನಡುಗುತ್ತದೆ, ಗುರ್ ಎನ್ನುತ್ತದೆ, ಅಥವಾ ತಿರುಗಿದರೂ ಸಿಕ್ಕಾಪಟ್ಟೆ ಕರೆಂಟ್ ಎಳೆಯುತ್ತದೆ. ಈ ಕೊನೆಯ ಬಗೆಯೇ ಹೆಚ್ಚು ಅಪಾಯಕಾರಿ, ಏಕೆಂದರೆ ಗಾಡಿ ಓಡಿತೆಂದು ಒಪ್ಪಿಸಿ ಕಳಿಸಿಬಿಡುತ್ತೇವೆ. ಚಕ್ರ ಎತ್ತಿ, ಭಾರವಿಲ್ಲದೆ ತಿರುಗಿಸಿ, ಬ್ಯಾಟರಿ ಕರೆಂಟ್ ಅಳೆದು, ಅತಿ ಕಡಿಮೆ ಇರುವ ಜೋಡಣೆಯನ್ನೇ ಆರಿಸಿಕೊಳ್ಳಿ. ತಾನಾಗಿ ಕಲಿತುಕೊಳ್ಳುವ ಸೌಲಭ್ಯವುಳ್ಳ ಕಂಟ್ರೋಲರ್ ಇದ್ದರೆ ಈ ಶ್ರಮ ತಪ್ಪುತ್ತದೆ.

ಮೊದಲ ಸಲ ಬ್ಯಾಟರಿಗೆ ನೇರವಾಗಿ ಜೋಡಿಸಬೇಡಿ. 48 ವೋಲ್ಟ್ ಗಾಡಿಯಾದರೆ 12 ವೋಲ್ಟಿನ ನಾಲ್ಕು ಹೆಡ್‌ಲೈಟ್ ಬಲ್ಬುಗಳನ್ನು ಸರಣಿಯಲ್ಲಿ ಕೂಡಿಸಿ, ಬ್ಯಾಟರಿಯ ಪ್ಲಸ್ ಮತ್ತು ಕಂಟ್ರೋಲರಿನ ನಡುವೆ ಇಡಿ. ಕೆಪಾಸಿಟರ್ ತುಂಬುವಾಗ ಬಲ್ಬುಗಳು ಒಂದು ಕ್ಷಣ ಮಿನುಗಿ ಆರಿದರೆ ಒಳಗೆ ಶಾರ್ಟ್ ಇಲ್ಲ. ಬಲ್ಬು ತೆಗೆದು ನೇರ ಸಂಪರ್ಕ ಕೊಡಬಹುದು. ಆರದೆ ಪೂರ್ತಿ ಉರಿಯುತ್ತಲೇ ಇದ್ದರೆ ಅಲ್ಲಿಯೇ ನಿಲ್ಲಿಸಿ, ಕಂಟ್ರೋಲರನ್ನು ತಂದ ಅಂಗಡಿಗೆ ಅದೇ ದಿನ ಹಿಂದಿರುಗಿಸಿ.